ಅಮೆರಿಕದ ಲೂಥರನ್ ಚರ್ಚುಗಳಲ್ಲಿ ಬಿಳಿಯರೇ ಯಾಕೆ ಜಾಸ್ತಿ?

"ಎಲ್ಲರಿಗೂ ಸ್ವಾಗತ ಅಂತ ಬೋರ್ಡ್ ಹಾಕ್ತಾರೆ, ಒಳಗೆ ಹೋದರೆ ಬರೀ ಬಿಳಿಯರು. ಯಾಕೆ?" ಅಂತ ಕೇಳಿದ್ದೀರಿ. ನಾನು ಮಂಗಳೂರಿನ ಸಿಎಸ್ಐ (ಚರ್ಚ್ ಆಫ್ ಸೌತ್ ಇಂಡಿಯಾ) ಮನೆಯವನು, ಅಂದರೆ ಹಳೇ ಬಾಸೆಲ್ ಮಿಷನ್ ಕಡೆಯವನು. ಈಗ ಇರುವುದು ಮಿನೆಸೋಟದಲ್ಲಿ. ಹೋಗುವುದು ಇಎಲ್‌ಸಿಎ ಎಂಬ ದೊಡ್ಡ ಲೂಥರನ್ ಪಂಗಡದ ಒಂದು ಚರ್ಚಿಗೆ. ಲೂಥರನ್ನರು ಅಂದರೆ ಜರ್ಮನಿಯ ಸುಧಾರಕ ಮಾರ್ಟಿನ್ ಲೂಥರನ ದಾರಿಯ ಪ್ರೊಟೆಸ್ಟೆಂಟರು.

ಜರ್ಮನಿ, ಸ್ವೀಡನ್, ನಾರ್ವೆಯಿಂದ ಬಂದವರು ತಂತಮ್ಮ ಭಾಷೆಯಲ್ಲಿ ಪ್ರಾರ್ಥನೆ ಮಾಡಲು ಬೇರೆ ಬೇರೆ ಚರ್ಚು ಕಟ್ಟಿಕೊಂಡರು. ತಪ್ಪೇನಿಲ್ಲ. ನಮ್ಮ ಕನ್ನಡ ಸಂಘಕ್ಕೆ ಬೇರೆಯವರು ಎಷ್ಟು ಜನ ಬರ್ತಾರೆ, ಹೇಳಿ?

ಆದರೆ ಪೂರ್ತಿ ಕಥೆ ಇಷ್ಟೇ ಅಲ್ಲ. ಜೆಹು ಜೋನ್ಸ್ ಎಂಬ ಕಪ್ಪು ಪಾದ್ರಿಗೆ ಲೂಥರನ್ನರು 1832ರಲ್ಲೇ ದೀಕ್ಷೆ ಕೊಟ್ಟಿದ್ದರು. ಅವರು ಫಿಲಡೆಲ್ಫಿಯಾದಲ್ಲಿ ಕಪ್ಪು ಜನರಿಗಾಗಿ ಚರ್ಚು ಕಟ್ಟಿಸಿದರು. ಸಾಲ ತೀರಿಸಲು ಆಗಲಿಲ್ಲ, ಕಟ್ಟಡ ಕೈತಪ್ಪಿತು. ಲೂಥರನ್ನರಿಂದ ಸಾಲ ತೀರುವಷ್ಟು ದುಡ್ಡು ಬರಲಿಲ್ಲ.

ಮೂರು ಲೂಥರನ್ ಸಂಸ್ಥೆಗಳು ಸೇರಿ 1988ರಲ್ಲಿ ಇಎಲ್‌ಸಿಎ ಶುರುವಾದಾಗ ಒಂದು ಗುರಿ ಇಟ್ಟುಕೊಂಡರು: ಹತ್ತು ವರ್ಷದಲ್ಲಿ ಸದಸ್ಯರಲ್ಲಿ ಶೇ. 10ರಷ್ಟು ಜನ ಬಿಳಿಯರಲ್ಲದವರು ಅಥವಾ ಇಂಗ್ಲಿಷ್ ಮನೆಮಾತಲ್ಲದವರು ಇರಬೇಕು ಅಂತ. ಆಗಲಿಲ್ಲ. ಪ್ಯೂ ಎಂಬ ಸಂಶೋಧನಾ ಸಂಸ್ಥೆಯ 2014ರ ಸಮೀಕ್ಷೆಯಲ್ಲಿ ಸಿಕ್ಕ ಲೆಕ್ಕ ಶೇ. 96 ಬಿಳಿಯರು.

ಮರುವರ್ಷ ದಕ್ಷಿಣ ಕೆರೊಲಿನಾ ರಾಜ್ಯದ ಚಾರ್ಲ್‌ಸ್ಟನ್‌ನ ಕಪ್ಪು ಜನರ ಚರ್ಚಿನಲ್ಲಿ ಒಬ್ಬ ಯುವಕ ಒಂಬತ್ತು ಜನರನ್ನು ಗುಂಡಿಟ್ಟು ಕೊಂದ. ಅವನು ಇಎಲ್‌ಸಿಎ ಚರ್ಚೊಂದರ ಸದಸ್ಯ. ಸತ್ತವರಲ್ಲಿ ಇಬ್ಬರು ಓದಿದ್ದು ಇದೇ ಪಂಗಡದ ಸೆಮಿನರಿಯಲ್ಲಿ, ಅಂದರೆ ಪಾದ್ರಿಗಳ ತರಬೇತಿ ಶಾಲೆಯಲ್ಲಿ. ಕೊಂದವನೂ ನಮ್ಮವನು, ಸತ್ತವರೂ ನಮ್ಮವರು. 2019ರಲ್ಲಿ ಪಂಗಡ ಆಫ್ರಿಕನ್ ಮೂಲದವರ ಕ್ಷಮೆ ಕೇಳಿತು.

ಇನ್ನು ನನ್ನ ಅನುಭವ. ನಮ್ಮ ಚರ್ಚಿನವರು ಒಳ್ಳೆಯವರೇ. ಮೊದಲ ದಿನವೇ ಕೈ ಕುಲುಕಿ ಕಾಫಿ ಕೊಟ್ಟರು. ಆರಾಧನೆಯ ರಾಗಗಳು ಕೂಡ ಎಷ್ಟೋ ನನಗೆ ಗೊತ್ತಿದ್ದವೇ. ಊಟವಾದ ಮೇಲೆ ನೆಲಮಾಳಿಗೆಯ ಅಡುಗೆಮನೆಗೆ ಪಾತ್ರೆ ತೊಳೆಯಲು ಹೋದರೆ ಮಾತ್ರ, "ನೀವು ಕೂತ್ಕೊಳ್ಳಿ, ನೀವು ಅತಿಥಿಗಳು" ಅಂತ ನನ್ನ ಕೈಯಿಂದ ಸ್ಪಂಜು ಕಿತ್ತುಕೊಳ್ಳುತ್ತಿದ್ದರು. ಮೂರು ವರ್ಷ ಇದೇ ಆಯಿತು. ಕಾಣಿಕೆ ಕೊಡುತ್ತಿದ್ದೆ, ಪಟ್ಟಿಯಲ್ಲಿ ಹೆಸರಿತ್ತು, ಆದರೂ ಅತಿಥಿ! ಊರಲ್ಲಿ ಕೆಲವರನ್ನು ಜಗಲಿಯಲ್ಲೇ ಕೂರಿಸಿ ಕಾಫಿ ಕೊಟ್ಟು, ಒಳಗೆ ಮಾತ್ರ ಬಿಡ್ತಿರಲಿಲ್ಲ ಅಲ್ವಾ? ಇವರದು ಕೆಟ್ಟ ಮನಸ್ಸಲ್ಲ, ಆದರೂ ಅದೇ ನೆನಪಾಯಿತು.

ಇವರು ಕರೆಯುವುದರಲ್ಲಿ ಹಿಂದೆ ಬಿದ್ದಿಲ್ಲ. ಇಂಗ್ಲಿಷ್ ಕ್ಲಾಸು, ನಿರಾಶ್ರಿತರಿಗೆ ನೆರವು, ಕರಪತ್ರ, ಎಲ್ಲ ಇದೆ. ಕರೆದವರ ಕೈಗೆ ಬೀಗದ ಕೈ ಕೊಡುವುದರಲ್ಲಿ ಎಡವುತ್ತಾರೆ. ಬಜೆಟ್ ಯಾರು ಹಾಕ್ತಾರೆ, ಪಾದ್ರಿಯನ್ನು ಯಾರು ಆರಿಸ್ತಾರೆ ಅಂತ ನೋಡಿ.

ಕಳೆದ ಚಳಿಗಾಲದಲ್ಲಿ ಒಬ್ಬ ಅಜ್ಜಿಗೆ ಕೈನೋವು. ನನ್ನ ಕಡೆ ಏಪ್ರನ್ ಎಸೆದು, "ದೊಡ್ಡ ಪಾತ್ರೆ ನಿನ್ನದು, ಬೇಗ ಮುಗಿಸು" ಅಂದರು. ಮನೆಗೆ ಬಂದಾಗ ಅಂಗಿ ತೋಳೆಲ್ಲ ಒದ್ದೆ.