ನಿಂತ ನೀರಿಗೆ ಮಣ್ಣು ತುಂಬಬೇಡಿ: ಮಳೆಯ ಚಳಿಗಾಲದಲ್ಲಿ ಮೌಂಟನ್ ಬೈಕ್ ಟ್ರೇಲ್‌ಗಳ ಆರೈಕೆ

ಸಿಯಾಟಲ್‌ನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 950 ಮಿ.ಮೀ. ಅಂಕಿಯಲ್ಲಿ ಬೆಂಗಳೂರಿಗೂ ಅದಕ್ಕೂ ಹೆಚ್ಚು ಅಂತರವಿಲ್ಲ. ಆದರೆ ಅಲ್ಲಿ ಬಹುಪಾಲು ಮಳೆ ಅಕ್ಟೋಬರ್‌ನಿಂದ ಮಾರ್ಚ್ ಒಳಗೆ, ಬಿಸಿಲೇ ಇಲ್ಲದ ದಿನಗಳಲ್ಲಿ, ಜಿನುಗುತ್ತಾ ಸುರಿಯುತ್ತದೆ. ಬಿದ್ದ ನೀರು ಆರುವುದಿಲ್ಲ, ಹರಿದೇ ಹೋಗಬೇಕು. ಅದು ಹರಿಯುವ ದಾರಿ ಸೈಕಲ್ಲಿನ ದಾರಿಯೇ ಆದರೆ ಒಂದೇ ಚಳಿಗಾಲದಲ್ಲಿ ಟ್ರೇಲ್ ಕೊರಕಲು ಬೀಳುತ್ತದೆ. ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಸಿಯಾಟಲ್ ಇರುವ ವಾಷಿಂಗ್ಟನ್ ರಾಜ್ಯದ ಕನ್ನಡಿಗರವು. ಕ್ಯಾಲಿಫೋರ್ನಿಯಾದಿಂದ ಒಂದು, ಮೂಡಿಗೆರೆಯಿಂದ ಒಂದು ಬಂದಿವೆ.

ಪ್ರಶ್ನೆ: ನಮ್ಮ ಮನೆ ಹತ್ತಿರದ ಕಾಡಿನ ಟ್ರೇಲ್‌ನಲ್ಲಿ ಪ್ರತಿ ನವೆಂಬರ್‌ನಲ್ಲೂ ಒಂದೇ ಜಾಗದಲ್ಲಿ ನೀರು ನಿಲ್ಲುತ್ತದೆ. ಸ್ವಯಂಸೇವಕರೆಲ್ಲ ಸೇರಿ ಎರಡು ಸಲ ಮಣ್ಣು ತುಂಬಿದೆವು. ಕೆಸರು ಇನ್ನೂ ಹೆಚ್ಚಾಯಿತು. ಸವಾರರು ಪಕ್ಕದಿಂದ ಸುತ್ತಿ ಹೋಗಿ ಹಾದಿ ಮೂರು ಪಟ್ಟು ಅಗಲವಾಗಿದೆ. ಏನು ತಪ್ಪು ಮಾಡಿದೆವು? (ಸಮಾಮಿಶ್)

ನೀರಿಗೆ ಹೊರಹೋಗುವ ದಾರಿ ಕೊಡದೆ ಮಣ್ಣು ಹಾಕಿದ್ದೇ ತಪ್ಪು. ಸಡಿಲ ಮಣ್ಣು ನೀರನ್ನು ಹೀರಿ ಹಿಡಿದುಕೊಳ್ಳುತ್ತದೆ. ಅದರ ಮೇಲೆ ಚಕ್ರ ಓಡಿದರೆ ಹಿಟ್ಟು ಕಲಸಿದಂತೆ ಆಗುತ್ತದೆ.

ಮೊದಲು ನೀರು ಯಾಕೆ ನಿಂತಿದೆ ಎಂದು ತಿಳಿಯಬೇಕು. ಗುಡ್ಡದ ಪಕ್ಕದಲ್ಲಿ ಕೊರೆದ ಟ್ರೇಲ್‌ಗೆ ಕಟ್ಟುವಾಗ ಹೊರಗಡೆಗೆ, ಅಂದರೆ ಕಣಿವೆಯ ಕಡೆಗೆ, ಶೇ 5ರಷ್ಟು ವಾಟ ಕೊಟ್ಟಿರುತ್ತಾರೆ. 90 ಸೆಂ.ಮೀ. ಅಗಲದ ಹಾದಿಯಲ್ಲಿ ಹೊರ ಅಂಚು ಒಳ ಅಂಚಿಗಿಂತ ನಾಲ್ಕೂವರೆ ಸೆಂ.ಮೀ. ತಗ್ಗಿರಬೇಕು. ಚಕ್ರಗಳು ಓಡಿ ಓಡಿ ನಡುಭಾಗ ಸವೆದು ಮರಿಗೆಯಂತಾಗುತ್ತದೆ. ಎರಚಿದ ಮಣ್ಣು ಮತ್ತು ಎಲೆ ಸೇರಿ ಹೊರ ಅಂಚಿನಲ್ಲಿ ಸಣ್ಣ ಬದು ಏಳುತ್ತದೆ. ಹೊರಗೆ ಹೋಗಬೇಕಾದ ನೀರನ್ನು ಆ ಬದು ತಡೆಯುತ್ತದೆ. ಪರೀಕ್ಷೆ ಸುಲಭ: ಹಾದಿಯ ನಡುವೆ ಒಂದು ನಿಂಬೆಹಣ್ಣು ಇಟ್ಟು ಬಿಡಿ. ಅದು ಹೊರ ಅಂಚು ದಾಟಿ ಉರುಳಿದರೆ ವಾಟ ಉಳಿದಿದೆ. ಹಾದಿಯ ಉದ್ದಕ್ಕೆ ಉರುಳಿದರೆ ನೀರೂ ಹಾಗೆಯೇ ಹರಿಯುತ್ತದೆ.

ಕೆಲಸ ಶುರುಮಾಡಲು ಒಳ್ಳೆಯ ದಿನ ಜೋರು ಮಳೆಯ ಮಾರನೆಯ ದಿನ. ನೀರು ಎಲ್ಲಿ ನಿಂತಿದೆ, ಎಲ್ಲಿಂದ ಬರುತ್ತಿದೆ ಎಂಬುದು ಆಗ ಕಣ್ಣಿಗೆ ಕಾಣುತ್ತದೆ. ನಿಂತ ನೀರಿನ ಅತಿ ತಗ್ಗಿನ ಬಿಂದುವಿಗೆ ಗುರುತು ಹಾಕಿ, ಅದರ ಎದುರಿನ ಹೊರ ಬದುವನ್ನು ಒಡೆದು ನೀರು ಬಸಿಯಲು ಬಿಡಿ. ಆಮೇಲೆ ಆ ಬಿಂದುವನ್ನು ನಡುವಿಟ್ಟುಕೊಂಡು ಹಾದಿಯ ಉದ್ದಕ್ಕೆ 3 ಮೀಟರ್ ಅರ್ಧಚಂದ್ರಾಕಾರ ಗೀಚಿ. ಅರ್ಧಚಂದ್ರದ ಅಗಲದ ಬಾಯಿ ಹೊರ ಅಂಚಿನ ಕಡೆಗಿರಲಿ. ಎರಡೂ ತುದಿಗಳಿಂದ ನಡುವಿನ ಕಡೆಗೆ ನಿಧಾನವಾಗಿ ಆಳಗೊಳಿಸುತ್ತಾ ಬನ್ನಿ. ನಡುವಿನಲ್ಲಿ ಹೊರವಾಟ ಶೇ 15 ಬರಬೇಕು, ಅಂದರೆ 90 ಸೆಂ.ಮೀ. ಅಗಲಕ್ಕೆ ಹದಿಮೂರೂವರೆ ಸೆಂ.ಮೀ. ಇಳಿತ. ಅಂಚು ದಾಟಿದ ಮೇಲೂ ನೀರು ತಾನಾಗಿ ಇಳಿದುಹೋಗುವ ತನಕ ಬಾಯಿಯನ್ನು ಅಷ್ಟೇ ಅಗಲವಾಗಿ ಮುಂದುವರಿಸಿ. ಕೆತ್ತಿದ ಕೆಸರನ್ನು ಅಂಚಿನಲ್ಲೇ ಗುಡ್ಡೆ ಹಾಕಿದರೆ ಮತ್ತೆ ಬದು ಕಟ್ಟಿದಂತೆ, ದೂರ ಎಸೆಯಿರಿ. ಕೊನೆಗೆ ಇಡೀ ಜಾಗವನ್ನು ದಮ್ಮಸ್ಸು ಮಾಡಿ, ಅಂದರೆ ಬಡಿದು ಗಟ್ಟಿಗೊಳಿಸಿ.

ಇಲ್ಲಿ ಹೆಚ್ಚಿನವರು ಮಾಡುವ ತಪ್ಪು ಸಲಿಕೆಯ ಅಗಲದ ಒಂದು ಕಿರು ಕಾಲುವೆ ಕಡಿದು ಮನೆಗೆ ಹೋಗುವುದು. ಅದು ಒಂದು ತಿಂಗಳಲ್ಲಿ ಎಲೆ, ಹೂಳಿನಿಂದ ಮುಚ್ಚುತ್ತದೆ. ಮುಂಚಕ್ರ ಅದರಲ್ಲಿ ಸಿಕ್ಕಿಕೊಳ್ಳುತ್ತದೆ ಎಂದು ಸವಾರರೂ ತಪ್ಪಿಸಿ ಪಕ್ಕಕ್ಕೆ ಹೋಗುತ್ತಾರೆ. ಅಗಲವಾಗಿ, ಸೌಮ್ಯ ಇಳಿಜಾರಿನಲ್ಲಿ ಮಾಡಿದ್ದು ವರ್ಷಗಟ್ಟಲೆ ಬಾಳುತ್ತದೆ. ಸೈಕಲ್ ಮೇಲಿದ್ದವರಿಗೆ ಅದು ಇರುವುದೇ ತಿಳಿಯುವುದಿಲ್ಲ. ಹಾದಿಗೆ ಅಡ್ಡಲಾಗಿ ಮರದ ತುಂಡು ಹೂತು ನೀರು ತಿರುಗಿಸುವ ಹಳೆಯ ಪದ್ಧತಿಯನ್ನು ಸೈಕಲ್ ಹಾದಿಯಲ್ಲಿ ದಯವಿಟ್ಟು ಬಳಸಬೇಡಿ. ಒದ್ದೆಯಾದ ಓರೆ ಮರದ ಮೇಲೆ ಚಕ್ರ ಜಾರಿ ಸವಾರ ಬೀಳುವುದು ಖಂಡಿತ.

ಹಾದಿ ಉದ್ದಕ್ಕೂ ಇಳಿಯುತ್ತಾ ಹೋಗುವ ಕಡೆ ಬರೀ ಅರ್ಧಚಂದ್ರ ಸಾಲದು, ನೀರು ಅದನ್ನು ದಾಟಿ ಮುಂದೆ ಓಡುತ್ತದೆ. ಅದರ ಕೆಳಗಡೆಗೆ, ತೆಗೆದ ಗಟ್ಟಿ ಮಣ್ಣಿನಿಂದಲೇ, 3ರಿಂದ 4 ಮೀಟರ್ ಉದ್ದದ ಸೌಮ್ಯ ಉಬ್ಬು ಕಟ್ಟಿ. ಇಳಿದು, ಸ್ವಲ್ಪ ಏರಿ, ಮತ್ತೆ ಇಳಿಯುವ ಈ ಬಗೆಯ ಏರಿಳಿತ ಪ್ರತಿ 6ರಿಂದ 15 ಮೀಟರ್‌ಗೆ ಒಂದಿದ್ದರೆ ನೀರಿಗೆ ವೇಗವೇ ಬರುವುದಿಲ್ಲ. ಇಳಿಜಾರು ಹೆಚ್ಚಿದಷ್ಟೂ ಹತ್ತಿರ ಹತ್ತಿರ ಬೇಕು. ಇದೆಲ್ಲ ಮಾಡಿಯೂ ಹಾದಿ ಕೊರೆಯುತ್ತಲೇ ಇದ್ದರೆ ಹಾದಿಯ ಜಾಡೇ ತಪ್ಪು. ಗುಡ್ಡದ ಇಳಿಜಾರು ಶೇ 20 ಇದ್ದಲ್ಲಿ ಹಾದಿಯ ಇಳಿಜಾರು ಶೇ 10 ಮೀರಬಾರದು, ಅರ್ಧಕ್ಕಿಂತ ಹೆಚ್ಚಾಯಿತೆಂದರೆ ನೀರಿಗೆ ಹಾದಿಯೇ ಹತ್ತಿರದ ದಾರಿ. ಅಂಥ ಕಡೆ ವರ್ಷವರ್ಷ ರಿಪೇರಿ ಮಾಡುವ ಬದಲು ಜಾಡನ್ನೇ ಬದಲಿಸುವುದು ಮೇಲು.

ಕೆಲಸ ಆದ ಮೇಲೆ ಅಗಲವಾಗಿದ್ದ ಪಕ್ಕದ ಭಾಗಕ್ಕೆ ಒಣ ಟೊಂಗೆ, ದಿಮ್ಮಿಗಳನ್ನು ಅಡ್ಡ ಹಾಕಿ ಮುಚ್ಚಿ. ಸವಾರರು ನೀರು ಕಂಡರೂ ನಡುವಿನಲ್ಲೇ ಹೋಗಬೇಕು. ಬಟ್ಟೆ ಒಗೆಯಬಹುದು, ತುಳಿದು ಸತ್ತ ಜರೀಗಿಡ ಮತ್ತೆ ಬೆಳೆಯಲು ವರ್ಷಗಳು ಬೇಕು. ಇನ್ನೊಂದು ಮಾತು: ಪಾರ್ಕ್‌ನವರ ಒಪ್ಪಿಗೆ ಇಲ್ಲದೆ ಗುದ್ದಲಿ ಎತ್ತಬೇಡಿ. ನಿಮ್ಮ ಭಾಗದಲ್ಲಿ ಎವರ್‌ಗ್ರೀನ್ ಮೌಂಟನ್ ಬೈಕ್ ಅಲಯನ್ಸ್ ಶ್ರಮದಾನದ ದಿನಗಳನ್ನು ಏರ್ಪಡಿಸುತ್ತದೆ, ಅಲ್ಲಿ ಸಲಕರಣೆಯೂ ಸಿಗುತ್ತದೆ, ಕೈಹಿಡಿದು ಕಲಿಸುವವರೂ ಇರುತ್ತಾರೆ.

ಪ್ರಶ್ನೆ: ಶರತ್ಕಾಲದಲ್ಲಿ ಉದುರುವ ಎಲೆ ಹಾದಿಯ ಮೇಲೆ ಹಾಸಿದರೆ ಮಣ್ಣಿಗೆ ರಕ್ಷಣೆ ಅಲ್ಲವೇ? ಅದನ್ನು ಯಾಕೆ ಊದಿ ತೆಗೆಯುತ್ತಾರೆ? (ಇಸಾಕ್ವಾ)

ತೋಟದಲ್ಲಿ ನಿಮ್ಮ ಮಾತು ಸರಿ, ಹಾದಿಯಲ್ಲಿ ಸರಿಯಲ್ಲ. ಬಿಗ್‌ಲೀಫ್ ಮೇಪಲ್‌ನ ಒಂದೊಂದು ಎಲೆ ಊಟದ ತಟ್ಟೆಯಷ್ಟು ಅಗಲ. ನಾಲ್ಕು ಎಲೆ ಸೇರಿದರೆ ನೀರು ಹೋಗುವ ಬಾಯಿ ಮುಚ್ಚಿಹೋಗುತ್ತದೆ. ಚಕ್ರದಡಿ ಅರೆದ ಎಲೆ ಕೊಳೆತು ಕಪ್ಪು ಲೋಳೆಯಾಗುತ್ತದೆ. ಆ ಲೋಳೆ ಮಳೆನೀರನ್ನು ಹೀರಿ ಹಿಡಿದಿಟ್ಟು, ಕೆಳಗಿನ ಗಟ್ಟಿ ನೆಲವನ್ನೂ ಮೆತ್ತಗೆ ಮಾಡುತ್ತದೆ. ಅಕ್ಟೋಬರ್ ಕೊನೆಗೊಮ್ಮೆ, ಎಲೆ ಪೂರ್ತಿ ಉದುರಿದ ಮೇಲೆ ಇನ್ನೊಮ್ಮೆ, ಬ್ಲೋಯರ್ ಇಲ್ಲವೇ ಕುಂಟೆಯಿಂದ ಕೆಳಗಡೆಯ ಇಳಿಜಾರಿಗೆ ತಳ್ಳಿ. ಮೇಲ್ಗಡೆಗೆ ತಳ್ಳಿದರೆ ಮುಂದಿನ ಮಳೆಗೆ ಅದೇ ಎಲೆ ವಾಪಸ್ ಬರುತ್ತದೆ. ಸಮಯ ಕಡಿಮೆ ಇದ್ದರೆ ಹಾದಿಯನ್ನು ಬಿಟ್ಟು ನೀರಿನ ಬಾಯಿಗಳನ್ನಷ್ಟೇ ಬಿಡಿಸಿ. ಹಾದಿಯಡಿ ಪೈಪ್ ಹಾಕಿದ್ದರೆ ಮೊದಲು ಅದರ ಮೇಲ್ಗಡೆಯ ಬಾಯಿ ನೋಡಿ. 30 ಸೆಂ.ಮೀ.ಗಿಂತ ಸಣ್ಣ ಪೈಪ್ ಎಲೆಗಾಲದಲ್ಲಿ ಕಟ್ಟಿಕೊಳ್ಳದೆ ಇರುವುದಿಲ್ಲ.

ಪ್ರಶ್ನೆ: ಸಿಯಾಟಲ್ ಗೆಳೆಯರು ಮಳೆಯಲ್ಲೇ ಸೈಕಲ್ ಹೊಡೆಯುತ್ತಾರೆ. ನಮ್ಮಲ್ಲಿ ಮಳೆ ನಿಂತು ಬಿಸಿಲು ಬಿದ್ದ ಎರಡನೆಯ ದಿನವೂ ಟ್ರೇಲ್ ಮುಚ್ಚಿರುತ್ತದೆ. ಇದು ಅತಿಯಾಯಿತಲ್ಲವೇ? (ಸ್ಯಾನ್ ಹೋಸೆ)

ಅತಿಯಲ್ಲ. ವ್ಯತ್ಯಾಸ ಮಳೆಯದಲ್ಲ, ಮಣ್ಣಿನದು. ಸಿಯಾಟಲ್ ಕಡೆಯ ಕ್ಯಾಸ್ಕೇಡ್ ಪರ್ವತಗಳ ತಪ್ಪಲಿನ ಹಲವೆಡೆ ಹಿಮನದಿಗಳು ಬಿಟ್ಟುಹೋದ ಮರಳು, ಗರಸು ಬೆರೆತ ನೆಲ, ಅದು ನೀರು ಬಸಿಯುತ್ತದೆ. ನಿಮ್ಮ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶದ ಬೆಟ್ಟಗಳಲ್ಲಿ ಬಹಳಷ್ಟು ಕಡೆ ಜೇಡಿಮಣ್ಣು. ಧಾರವಾಡ, ಗದಗ ಕಡೆಯವರಿಗೆ ಹೇಳಬೇಕಾಗಿಲ್ಲ: ಎರೆಭೂಮಿಯ ಹಾಗೆ ಒದ್ದೆಯಾದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಒದ್ದೆಯಲ್ಲಿ ಬಿದ್ದ ಚಕ್ರದ ಗುರುತು ಬಿಸಿಲಿಗೆ ಇಟ್ಟಿಗೆಯಂತೆ ಗಟ್ಟಿಯಾಗಿ, ಮುಂದಿನ ಮಳೆಗೆ ಅದೇ ಕಾಲುವೆಯಾಗುತ್ತದೆ.

ನಿಮ್ಮ ಮಣ್ಣನ್ನು ನೀವೇ ಪರೀಕ್ಷಿಸಬಹುದು. ಒಂದು ಹಿಡಿ ಒದ್ದೆ ಮಣ್ಣು ನಾದಿ, ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಒತ್ತಿ ರಿಬ್ಬನ್‌ನಂತೆ ಹೊರಬಿಡಿ. ಎರಡೂವರೆ ಸೆಂ.ಮೀ. ಆಗುವ ಮೊದಲೇ ಮುರಿದರೆ ಮರಳು ಮಿಶ್ರಿತ ಗೋಡು. 5 ಸೆಂ.ಮೀ. ದಾಟಿಯೂ ಮುರಿಯದಿದ್ದರೆ ಅಪ್ಪಟ ಜೇಡಿ, ಅಲ್ಲಿ ಎರಡು ದಿನವೂ ಕೆಲವೊಮ್ಮೆ ಸಾಲದು. ತೆರೆದಿರುವ ಹಾದಿಯಲ್ಲೂ ಮಣ್ಣು ಟೈರಿಗೆ ಅಂಟಿ ಫೋರ್ಕ್‌ನ ಸಂದಿಯಲ್ಲಿ ಕಟ್ಟಿಕೊಳ್ಳಲು ಶುರುವಾದರೆ ಅಲ್ಲಿಂದಲೇ ಹಿಂತಿರುಗಿ.

ನಿಮ್ಮ ಭಾಗದಲ್ಲಿ ಇನ್ನೊಂದು ಕಾರಣಕ್ಕೂ ಕೆಸರು ಅಪಾಯ. ಅಲ್ಲಿನ ಓಕ್ ಮರಗಳನ್ನು 1990ರ ದಶಕದ ಮಧ್ಯದಿಂದ ಕೊಲ್ಲುತ್ತಿರುವ ರೋಗಾಣು ಫೈಟಾಫ್ತೊರ ಕುಲದ್ದು. ಮಲೆನಾಡಿನ ಅಡಿಕೆಗೆ ಕೊಳೆರೋಗ ತರುವುದೂ ಇದೇ ಕುಲ. ಒದ್ದೆ ಮಣ್ಣಿನ ಜೊತೆ ಅದು ಟೈರ್, ಬೂಟುಗಳಲ್ಲಿ ಬೇರೆ ಕಾಡಿಗೆ ಪಯಣಿಸುತ್ತದೆ. ಪಾರ್ಕಿಂಗ್‌ನಲ್ಲೇ ಕೆಸರನ್ನು ಬ್ರಷ್‌ನಿಂದ ಉಜ್ಜಿ ತೆಗೆದು ಹೊರಡಿ. ಬೇರಿಂಗ್‌ಗಳಿಗೆ ಪ್ರೆಶರ್ ವಾಷರ್ ಹಿಡಿಯಬೇಡಿ, ಗ್ರೀಸ್ ಕಿತ್ತುಹೋಗುತ್ತದೆ.

ಪ್ರಶ್ನೆ: ಜನವರಿಯ ಬೆಳಿಗ್ಗೆ ಹಾದಿ ಕಲ್ಲಿನಂತಿರುತ್ತದೆ, ಮಧ್ಯಾಹ್ನ ಗಂಜಿ. ಯಾವಾಗ ಹೋಗಬೇಕು? (ರೆಡ್ಮಂಡ್)

ಬೆಳಿಗ್ಗೆ ಹೋಗಿ, ಕರಗುವ ಮುನ್ನ ವಾಪಸ್ ಬನ್ನಿ. ಮೋಡವಿಲ್ಲದ ರಾತ್ರಿಯಲ್ಲಿ ಮಣ್ಣಿನೊಳಗಿನ ತೇವ ಮೇಲಕ್ಕೆ ಬಂದು ಸೂಜಿಗಳಂತೆ ಹೆಪ್ಪುಗಟ್ಟಿ, ಮೇಲ್ಪದರವನ್ನು ಎತ್ತಿ ಹಿಡಿಯುತ್ತದೆ. ಬಿಸಿಲೇರಿದಾಗ ಮೇಲಿನ ಎರಡು ಮೂರು ಸೆಂ.ಮೀ. ಕರಗುತ್ತದೆ, ಕೆಳಗಿನದು ಗಡ್ಡೆಯಾಗಿಯೇ ಇರುವುದರಿಂದ ನೀರು ಇಂಗುವುದಿಲ್ಲ. ಆ ಹೊತ್ತಿನಲ್ಲಿ ಒಬ್ಬ ಸವಾರ ಮಾಡುವ ಹಾನಿ ಸಾಧಾರಣ ಮಳೆಯ ದಿನ ಅನೇಕರು ಮಾಡುವ ಹಾನಿಗೆ ಸಮ. ಹೊಸದಾಗಿ ಕಟ್ಟಿದ, ಇನ್ನೂ ಕೂರದ ಹಾದಿಗೆ ಆ ವಾರ ಯಾರನ್ನೂ ಬಿಡಬಾರದು.

ಪ್ರಶ್ನೆ: ಸಪಾಟು ಜಾಗದಲ್ಲಿ 6 ಮೀಟರ್ ಉದ್ದ ಕೆಸರು. ಅಲ್ಲಿ ನೀರು ಹೊರಬಿಡಲು ತಗ್ಗೇ ಇಲ್ಲ. ಜಲ್ಲಿ ಹಾಕಬಹುದೇ, ಎಷ್ಟು ಬೇಕು? (ಬಾಥಲ್)

ನೀರನ್ನು ಇಳಿಸಲಾಗದ ಕಡೆ ಹಾದಿಯನ್ನೇ ಎತ್ತರಿಸಬೇಕು. ಮೊದಲು ಮೇಲಿನ ಕೊಳೆತ ಎಲೆ, ಬೇರಿನ ಕಪ್ಪು ಪದರವನ್ನು ಕೆಳಗಿನ ಗಟ್ಟಿ ಮಣ್ಣು ಸಿಗುವ ತನಕ ತೆಗೆಯಿರಿ. ಇದನ್ನು ಬಿಟ್ಟು ಜಲ್ಲಿ ಸುರಿದರೆ ಎರಡು ವರ್ಷದಲ್ಲಿ ಜಲ್ಲಿಯೆಲ್ಲ ಕೆಸರಿನಲ್ಲಿ ಮುಳುಗುತ್ತದೆ. ಎರಡೂ ಬದಿಗೆ ಬಸಿಗಾಲುವೆ ತೋಡಿ. ನೀರು ಬಿಟ್ಟು ಮಣ್ಣನ್ನು ತಡೆಯುವ ಜಿಯೊಟೆಕ್ಸ್‌ಟೈಲ್ ಬಟ್ಟೆ ಹಾಸಿ, ಅಂಚಿಗೆ ದೊಡ್ಡ ಕಲ್ಲು ಇಲ್ಲವೇ ಸೀಡರ್ ದಿಮ್ಮಿ ಕೂರಿಸಿ, ನಡುವೆ ಜಲ್ಲಿ ತುಂಬಿ. 90 ಸೆಂ.ಮೀ. ಅಗಲ, 15 ಸೆಂ.ಮೀ. ದಪ್ಪಕ್ಕೆ ಲೆಕ್ಕ 0.8 ಘನ ಮೀಟರ್ ಬರುತ್ತದೆ. ದಮ್ಮಸ್ಸಿಗೆ ಕುಗ್ಗುವುದನ್ನೂ ಸೇರಿಸಿ ಒಂದು ಘನ ಮೀಟರ್, ಅಂದರೆ ಸುಮಾರು ಒಂದೂವರೆ ಟನ್ ತರಿಸಿ. 60 ಲೀಟರ್ ಹಿಡಿಯುವ ಕೈಗಾಡಿಯಲ್ಲಿ ಹದಿನೇಳು ಸರತಿ.

ಜಲ್ಲಿ ಯಾವುದು ಎಂಬುದು ದಪ್ಪಕ್ಕಿಂತ ಮುಖ್ಯ. ಕ್ರಷರ್‌ನಲ್ಲಿ ಒಡೆದ, ಮುಕ್ಕಾಲು ಇಂಚಿನಿಂದ ಪುಡಿಯವರೆಗೆ ಎಲ್ಲ ಗಾತ್ರವೂ ಬೆರೆತದ್ದೇ ಬೇಕು. ಮೂಲೆಗಳು ಒಂದಕ್ಕೊಂದು ಕಚ್ಚುತ್ತವೆ, ಪುಡಿ ಸಂದಿ ತುಂಬುತ್ತದೆ. ಹೊಳೆಯ ದುಂಡು ಕಲ್ಲು ನೋಡಲು ಚೆಂದ, ಆದರೆ ಚಕ್ರದಡಿ ಗೋಲಿಯಂತೆ ಉರುಳುತ್ತದೆ. ಒಂದೇ ಸಲ ತುಂಬದೆ 7-8 ಸೆಂ.ಮೀ. ಪದರಗಳಲ್ಲಿ ಹಾಕಿ, ಪ್ರತಿ ಪದರವನ್ನೂ ತೇವದಲ್ಲಿ ದಮ್ಮಸ್ಸು ಮಾಡಿ. ನಡುಭಾಗ ಅಂಚಿಗಿಂತ 5 ಸೆಂ.ಮೀ. ಉಬ್ಬಿರಲಿ. ಹತ್ತಿರದಲ್ಲೇ ಚಪ್ಪಡಿ ಕಲ್ಲು ಸಿಗುವಂತಿದ್ದರೆ ಅದೇ ಇನ್ನೂ ಗಟ್ಟಿ. ಒಬ್ಬರೇ ಎತ್ತಬಹುದಾದ ಕಲ್ಲು ಮಾತ್ರ ಬೇಡ, ಚಕ್ರಗಳ ಹೊಡೆತಕ್ಕೆ ಅದು ಅಲುಗಾಡಿ ಸಡಿಲವಾಗುತ್ತದೆ.

ಪ್ರಶ್ನೆ: ಮರದ ಸೇತುವೆ ಚಳಿಗಾಲದಲ್ಲಿ ಪಾಚಿ ಕಟ್ಟಿ ಜಾರುತ್ತದೆ. ಕೋಳಿಗೂಡಿನ ಜಾಲರಿ ಹೊಡೆದರೆ ಸಾಕೇ? (ಬೆಲ್ಲಿಂಗ್‌ಹ್ಯಾಮ್)

ಸಾಕು, ಆದರೆ ಗ್ಯಾಲ್ವನೈಸ್ ಮಾಡಿದ ಜಾಲರಿಯೇ ಆಗಲಿ. ತುದಿಗಳನ್ನು ಹಲಗೆಯ ಕೆಳಕ್ಕೆ ಮಡಚಿ, 10 ಸೆಂ.ಮೀ.ಗೊಂದು ಸ್ಟೇಪಲ್ ಹೊಡೆಯಿರಿ. ಪ್ರತಿ ಶರತ್ಕಾಲದಲ್ಲಿ ಹರಿದ ತಂತಿ ಹುಡುಕಿ ಕತ್ತರಿಸಿ. ಎದ್ದು ನಿಂತ ಒಂದು ತಂತಿ ಟೈರಿಗೂ ಬಿದ್ದವರ ಅಂಗೈಗೂ ಅಪಾಯ. ಹಲಗೆಗಳ ನಡುವೆ ಒಂದು ಬೆರಳು ತೂರುವಷ್ಟು ಸಂದಿ ಇದ್ದರೆ ಕೆಸರು ಕೆಳಗೆ ಬಿದ್ದು ಮರ ಬೇಗ ಆರುತ್ತದೆ. ಪಾಚಿಯನ್ನು ಗಡುಸು ಪೊರಕೆಯಿಂದ ಉಜ್ಜಿ ತೆಗೆಯಿರಿ, ಕೆಳಗೆ ತೊರೆ ಇರುವಾಗ ಬ್ಲೀಚ್, ಸೋಪು ಬೇಡ.

ಪ್ರಶ್ನೆ: ನಮ್ಮ ಕಾಫಿ ತೋಟದಲ್ಲಿ ಹೋಂಸ್ಟೇ ಅತಿಥಿಗಳಿಗೆಂದು ಸೈಕಲ್ ಹಾದಿ ಮಾಡುತ್ತಿದ್ದೇವೆ. ಅಮೆರಿಕದ ಈ ಅಳತೆಗಳು ನಮ್ಮ ಮಳೆಗೆ ಒಗ್ಗುತ್ತವೆಯೇ? (ಮೂಡಿಗೆರೆ)

ವಾಟದ ಲೆಕ್ಕ ಒಗ್ಗುತ್ತದೆ, ಅಂತರದ ಲೆಕ್ಕ ಒಗ್ಗುವುದಿಲ್ಲ. ಸಿಯಾಟಲ್‌ನದು ಜಿನುಗು ಮಳೆ. ಮಲೆನಾಡಿಗೆ ಜುಲೈಯಲ್ಲಿ ಒಂದೇ ದಿನ 100 ಮಿ.ಮೀ. ದಾಟುವುದು ಹೊಸದಲ್ಲ. ಅಷ್ಟು ನೀರು ಹದಿನೈದು ಮೀಟರ್ ಓಡಿದರೆ ಹಾದಿಯನ್ನೇ ಎತ್ತಿಕೊಂಡು ಹೋಗುತ್ತದೆ. ಪ್ರತಿ 5ರಿಂದ 6 ಮೀಟರ್‌ಗೆ ನೀರಿನ ಬಾಯಿ ಕೊಡಿ, ಹಾದಿಯ ಇಳಿಜಾರನ್ನು ಶೇ 7-8ರೊಳಗೆ ಇಡಿ. ಹೊರಬಿಟ್ಟ ನೀರು ಕಾಫಿ ಗಿಡಗಳ ಬುಡದ ಮಣ್ಣು ಕೊಚ್ಚದಂತೆ ಬಾಯಿಯ ಕೆಳಗೆ ಲಾವಂಚ ನೆಡಿ. ನೀರು ಇಂಗಲೆಂದು ಗಿಡಗಳ ಸಾಲಿನ ನಡುವೆ ನಿಮ್ಮಲ್ಲಿ ಹೇಗೂ ತೋಡುವ ತೊಟ್ಟಿಲು ಗುಂಡಿಗೆ ಆ ನೀರನ್ನು ತಿರುಗಿಸಿದರೆ ಹೂಳೂ ಅಲ್ಲೇ ನಿಲ್ಲುತ್ತದೆ, ತೇವವೂ ತೋಟಕ್ಕೇ ಉಳಿಯುತ್ತದೆ.

ಮಾರ್ಚ್-ಏಪ್ರಿಲ್‌ನ ಹೂಮಳೆ ಬಿದ್ದ ಮೇಲೆ ಅಗೆಯಿರಿ. ಹಿಡಿ ಮಣ್ಣು ಅದುಮಿದರೆ ಉಂಡೆಯಾಗಬೇಕು, ಬೆರಳಿಂದ ಒತ್ತಿದರೆ ಎರಡು ಹೋಳಾಗಬೇಕು, ನೀರು ಮಾತ್ರ ಒಸರಬಾರದು. ದಮ್ಮಸ್ಸಿಗೆ ಆ ಹದವೇ ಸರಿ. ಮೇ ಮುಗಿಯುವುದರೊಳಗೆ ಕೆಲಸ ಮುಗಿಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅತಿಥಿಗಳು ಎಷ್ಟು ಕೇಳಿದರೂ ಹಾದಿಯನ್ನು ಮುಚ್ಚಿಡಿ. ಮೊದಲ ಜೋರು ಮಳೆಯ ದಿನ ಕೊಡೆ, ಗುದ್ದಲಿ ಹಿಡಿದು ನೀವೇ ಒಂದು ಸುತ್ತು ನಡೆಯಿರಿ. ನೀರು ಹಾದಿಯನ್ನು ಬಿಟ್ಟು ಹೊರಗೆ ಹೋಗದೆ ಮುಂದಕ್ಕೆ ಓಡುವ ಜಾಗ ಕಂಡಲ್ಲಿ ಆಗಲೇ ಅಂಚು ಒಡೆದುಬಿಡಿ. ಆ ದಿನ ಹತ್ತು ನಿಮಿಷದಲ್ಲಿ ಆಗುವ ಕೆಲಸ ಅಕ್ಟೋಬರ್‌ನಲ್ಲಿ ಎರಡು ಆಳು ಇಡೀ ದಿನ ಮಾಡಬೇಕಾಗುತ್ತದೆ.