ವೈನರಿಯಲ್ಲಿ ಅಷ್ಟು ಚೆನ್ನಾಗಿತ್ತು, ಮನೆಯಲ್ಲಿ ಯಾಕೆ ಹೀಗೆ?

ಪ್ರಶ್ನೆ: ನಮಸ್ಕಾರ ಮೇಡಂ. ಕಳೆದ ತಿಂಗಳು ಆಫೀಸಿನ ಗೆಳೆಯರ ಜೊತೆ ನಂದಿ ಬೆಟ್ಟದ ಕಡೆಯ ಒಂದು ವೈನರಿಗೆ ಹೋಗಿದ್ದೆವು. ತೋಟ ಸುತ್ತಿಸಿದರು, ಪೀಪಾಯಿ ತೋರಿಸಿದರು, ಐದು ಬಗೆಯ ವೈನ್ ಕೊಟ್ಟರು. ಎಲ್ಲವೂ ಚೆನ್ನಾಗೇ ಇತ್ತು. ಖುಷಿಯಲ್ಲಿ ಮೂರು ಬಾಟಲಿ ರೆಡ್ ತಂದೆ. ಭಾನುವಾರ ಮಟನ್ ಸಾರಿನ ಜೊತೆ ತೆಗೆದರೆ ಬರೀ ಒಗರು, ಗಂಟಲೆಲ್ಲ ಉರಿ. ನಮ್ಮ ಭಾವ ಒಂದೇ ಗುಟುಕಿಗೆ ಲೋಟ ಕೆಳಗಿಟ್ಟರು. ನಮಗೆ ಬೇರೆ ಮಾಲು ಕೊಟ್ಟರಾ? ಉಳಿದ ಎರಡು ಬಾಟಲಿ ಏನು ಮಾಡಲಿ?
– ಓದುಗರು, ರಾಜಾಜಿನಗರ

ಉತ್ತರ: ಬಾಟಲಿ ಬದಲಾಗಿರುವುದಿಲ್ಲ ಬಿಡಿ. ಅಷ್ಟು ಕಷ್ಟಪಡುವ ಅಗತ್ಯವೇ ಅವರಿಗಿಲ್ಲ. ಅಲ್ಲಿ ನಿಮಗೆ ಕೊಟ್ಟಿದ್ದು ಒಂದೆರಡು ಗುಟುಕು, ಅದೂ ತಣ್ಣಗಿನ ಕೋಣೆಯಲ್ಲಿ, ಪಕ್ಕದಲ್ಲಿ ಚೀಸ್ ತುಂಡು ಇಟ್ಟು. ಚೀಸಿನ ಕೊಬ್ಬು ಮತ್ತು ಉಪ್ಪು ರೆಡ್ ವೈನಿನ ಒಗರನ್ನು ಮುಚ್ಚಿಬಿಡುತ್ತವೆ. ಮನೆಯಲ್ಲಿ ಆಗಿದ್ದು ಇದರ ಉಲ್ಟಾ. ಮೆಣಸಿನಕಾಯಿ ಖಾರ ಇರುವ ಬಾಯಿಗೆ ಒಗರೂ ಜಾಸ್ತಿ ಅನ್ನಿಸುತ್ತದೆ, ಆಲ್ಕೋಹಾಲಿನ ಸುಡುವಿಕೆಯೂ ಜಾಸ್ತಿ. ಸಾಲದ್ದಕ್ಕೆ, ರೆಡ್ ವೈನನ್ನು ರೂಮಿನ ತಾಪಮಾನದಲ್ಲಿ ಕುಡಿಯಬೇಕು ಅಂತ ಯಾರೋ ಹೇಳಿರುತ್ತಾರೆ. ಆ ಮಾತು ಯುರೋಪಿನ ಚಳಿ ಮನೆಗಳದ್ದು. ರೆಡ್‌ಗೆ ಬೇಕಾದ್ದು 16ರಿಂದ 18 ಡಿಗ್ರಿ. ಬೇಸಿಗೆಯಲ್ಲಿ ನಮ್ಮ ಅಡುಗೆಮನೆ 30ರ ಹತ್ತಿರ ಇರುತ್ತದೆ. ಆ ಬಿಸಿಗೆ ವೈನಿನ ವಾಸನೆಗಿಂತ ಮೊದಲು ಸ್ಪಿರಿಟ್ಟೇ ಮೂಗಿಗೆ ಹೊಡೆಯುತ್ತದೆ.

ಆದರೆ ತಪ್ಪನ್ನೆಲ್ಲ ನಿಮ್ಮ ಸಾರಿನ ಮೇಲೆ ಹಾಕುವುದಕ್ಕೆ ನನಗೆ ಮನಸ್ಸಿಲ್ಲ. ಪ್ರವಾಸಿಗರನ್ನೇ ನಂಬಿಕೊಂಡ ವೈನರಿಗಳಲ್ಲಿ ಸಪ್ಪೆ ಮಾಲು ಇರುವುದು ನಿಜ. ಕಾರಣ ಸರಳ. ವಾರಾಂತ್ಯಕ್ಕೆ ಬಸ್ಸಿನಲ್ಲಿ ಬಂದವರು ಒಂದು ಸಲ ಕೊಂಡು ಹೋಗುತ್ತಾರೆ. ಚೆನ್ನಾಗಿಲ್ಲ ಅಂತ ವಾಪಸ್ ಬಂದು ಜಗಳ ಆಡುವವರು ಯಾರು? ಬೆಂಗಳೂರಿನ ಹೋಟೆಲಿಗೆ ಮಾಲು ಹಾಕುವವನಿಗೆ ಆ ಧೈರ್ಯ ಇರುವುದಿಲ್ಲ. ಒಂದು ಸಲ ಕೆಟ್ಟರೆ ಮುಂದಿನ ಆರ್ಡರ್ ಇಲ್ಲ.

ಹಾಗಂತ ಈ ಮಣ್ಣೇ ಸರಿಯಿಲ್ಲ ಅನ್ನಬೇಡಿ. ದೊಡ್ಡಬಳ್ಳಾಪುರದ ಬಳಿ ಗ್ರೋವರ್ ಕುಟುಂಬ ವೈನ್ ಕಂಪನಿ ಶುರು ಮಾಡಿದ್ದು 1988ರಲ್ಲಿ. ಫ್ರೆಂಚ್ ತಳಿಗಳನ್ನು ನೆಟ್ಟರು. ಫ್ರಾನ್ಸಿನ ಬೋರ್ಡೋ ಕಡೆಯ ಹೆಸರಾಂತ ವೈನ್ ತಜ್ಞ ಮಿಶೆಲ್ ರೋಲಾನ್ 90ರ ದಶಕದಲ್ಲೇ ಅವರಿಗೆ ಸಲಹೆಗಾರರಾದರು. ಒಳ್ಳೆಯ ವೈನ್ ಇಲ್ಲಿ ಆಗುತ್ತದೆ, ಸುಲಭಕ್ಕೆ ಆಗುವುದಿಲ್ಲ ಅಷ್ಟೆ.

ಕಷ್ಟ ಇರುವುದು ಬಳ್ಳಿಯಲ್ಲೇ. ಚಳಿ ದೇಶಗಳಲ್ಲಿ ದ್ರಾಕ್ಷಿ ಬಳ್ಳಿ ಎಲೆ ಉದುರಿಸಿ ಚಳಿಗಾಲವಿಡೀ ಮಲಗಿಬಿಡುತ್ತದೆ. ನಮ್ಮಲ್ಲಿ ಅದಕ್ಕೆ ನಿದ್ದೆಯೇ ಇಲ್ಲ. ಅದಕ್ಕೇ ರೈತರು ವರ್ಷಕ್ಕೆ ಎರಡು ಸಲ ಕತ್ತರಿ ಹಾಕುತ್ತಾರೆ. ಏಪ್ರಿಲ್ ಹೊತ್ತಿಗೆ ಒಂದು, ಅದು ಕಡ್ಡಿ ಬಲಿಯಲಿ ಅಂತ. ಮಳೆ ಇಳಿಯುವ ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಇನ್ನೊಂದು, ಅದು ಹಣ್ಣಿಗೆ. ಕೊಯ್ಲು ಜನವರಿಯಿಂದ ಮಾರ್ಚ್. ಅಂದರೆ ಹಣ್ಣು ಮಾಗುತ್ತಾ ಹೋದಂತೆ ಬಿಸಿಲೂ ಏರುತ್ತಾ ಹೋಗುತ್ತದೆ. ಸಕ್ಕರೆ ದಡಬಡ ಏರಿ, ಹುಳಿ ಇಳಿದುಬಿಡುತ್ತದೆ. ಸಿಪ್ಪೆ, ಬೀಜ ಮಾತ್ರ ಇನ್ನೂ ಹಸಿ. ಸಕ್ಕರೆ ಬಂತು ಅಂತ ಅವಸರಕ್ಕೆ ಕೊಯ್ದರೆ ಆಲ್ಕೋಹಾಲ್ ಜೋರು, ಒಗರೂ ಜೋರು. ನಿಮ್ಮ ಭಾವ ಲೋಟ ಕೆಳಗಿಟ್ಟ ರುಚಿ ಬಹುಶಃ ಅದೇ. ಸರಿಯಾಗಿ ಮಾಡುವವರು ಗೊನೆ ಕಡಿಮೆ ಬಿಟ್ಟುಕೊಂಡು, ಬೀಜ ಕಂದು ಬಣ್ಣಕ್ಕೆ ತಿರುಗುವವರೆಗೆ ಕಾದು, ಬೆಳಗಿನ ಜಾವದ ತಂಪಿನಲ್ಲಿ ಕೊಯ್ಯುತ್ತಾರೆ. ಇಳುವರಿ ಕಮ್ಮಿ, ಖರ್ಚು ಜಾಸ್ತಿ.

ಇನ್ನೊಂದು ಮಾತು ಬೆಂಗಳೂರು ಬ್ಲೂ ಬಗ್ಗೆ. ಚಿಕ್ಕಬಳ್ಳಾಪುರ, ಕೋಲಾರದ ಕಡೆ ಬೆಳೆಯುವ ಈ ಕಪ್ಪು ದ್ರಾಕ್ಷಿಗೆ ಜಿಐ ಟ್ಯಾಗ್, ಅಂದರೆ ಈ ಪ್ರದೇಶದ್ದೇ ಬೆಳೆ ಅನ್ನುವ ಸರ್ಕಾರಿ ಗುರುತು ಕೂಡ ಇದೆ. ತಿನ್ನಲು, ಜ್ಯೂಸಿಗೆ ಸೊಗಸು. ಸಿಹಿ ವೈನಿಗೂ ಇದನ್ನೇ ಬಳಸುತ್ತಾರೆ, ಅದರಲ್ಲಿ ಮೋಸ ಏನಿಲ್ಲ. ಆದರೆ ಇದಕ್ಕೆ ದ್ರಾಕ್ಷಿ ಚಾಕಲೇಟಿನ ಆ ಗಾಢ ವಾಸನೆ ಇರುತ್ತದೆ, ಏನು ಮಾಡಿದರೂ ಹೋಗುವುದಿಲ್ಲ. ಅದನ್ನು ದಪ್ಪ ಬಾಟಲಿಗೆ ತುಂಬಿ, ಫ್ರೆಂಚ್ ಥರದ ಹೆಸರಿಟ್ಟು, ಸಾವಿರದ ಮೇಲೆ ಬೆಲೆ ಹಾಕಿದರೆ ನನಗೆ ಸಿಟ್ಟು ಬರುತ್ತದೆ.

ಮುಂದಿನ ಸಲ ಹೋದಾಗ ಪೀಪಾಯಿ ಮುಂದೆ ಫೋಟೋ ತೆಗೆಸಿಕೊಳ್ಳಿ, ಬೇಡ ಅನ್ನಲ್ಲ. ಕೊಳ್ಳುವ ಮುಂಚೆ ಮಾತ್ರ ಕೌಂಟರಿನಲ್ಲಿ ಕೇಳಿ: ಯಾವ ದ್ರಾಕ್ಷಿ, ಯಾವ ವರ್ಷದ ಕೊಯ್ಲು, ಈ ಬಾಟಲಿ ತೆಗೆದಿದ್ದು ಯಾವಾಗ? ಕೊನೆಯ ಪ್ರಶ್ನೆ ಮುಖ್ಯ. ಶನಿವಾರ ಮಧ್ಯಾಹ್ನ ತೆಗೆದ ಬಾಟಲಿಯನ್ನೇ ಭಾನುವಾರ ಸಂಜೆವರೆಗೂ ಸುರಿಯುತ್ತಿರುತ್ತಾರೆ. ಬಿಳಿ ಟಿಶ್ಯೂ ಮೇಲೆ ಲೋಟ ಓರೆ ಮಾಡಿ ನೋಡಿ. ಹೊಸ ವೈಟ್ ವೈನ್ ಜೇನಿನ ಬಣ್ಣಕ್ಕೆ ತಿರುಗಿ, ಕತ್ತರಿಸಿಟ್ಟ ಸೇಬಿನ ವಾಸನೆ ಬಂದರೆ ಗಾಳಿ ತಾಗಿ ಹಳಸಿದೆ ಅಂತ. ಹೊಸದು ತೆಗೆಯಿರಿ ಅನ್ನಿ, ಸಂಕೋಚ ಬೇಡ, ದುಡ್ಡು ಕೊಟ್ಟಿದ್ದೀರಿ. ಲೇಬಲ್ಲಿನಲ್ಲಿ ದ್ರಾಕ್ಷಿಯ ಹೆಸರೂ ಇಲ್ಲ, ಕೊಯ್ಲಿನ ವರ್ಷವೂ ಇಲ್ಲ ಅಂದರೆ ನಾನಂತೂ ಕೊಳ್ಳುವುದಿಲ್ಲ.

ಇನ್ನು ನಿಮ್ಮ ಎರಡು ಬಾಟಲಿ. ವೈನರಿಯಿಂದ ಹೊರಟು ಭೋಗನಂದೀಶ್ವರ, ಊಟ ಅಂತ ಸುತ್ತಾಡಿದಿರಾ? ಬಿಸಿಲಲ್ಲಿ ನಿಂತ ಕಾರಿನೊಳಗೆ 50 ಡಿಗ್ರಿ ಸುಲಭವಾಗಿ ದಾಟುತ್ತದೆ, ವೈನ್ ಬೆಂದುಹೋಗುತ್ತದೆ. ಬಿರಡೆ ಮೇಲೆದ್ದಿದ್ದರೆ, ಕುತ್ತಿಗೆಯಲ್ಲಿ ಅಂಟಂಟು ಇದ್ದರೆ ಆಸೆ ಬಿಡಿ. ಇಲ್ಲದಿದ್ದರೆ ಒಂದನ್ನು ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು, ಜಗ್ಗಿಗೆ ಸುರಿದು ಸ್ವಲ್ಪ ಗಾಳಿಯಾಡಲು ಬಿಟ್ಟು, ಖಾರ ಕಮ್ಮಿ ಇರುವ ಹುರಿದ ಮಾಂಸದ ಜೊತೆ ನೋಡಿ. ಆಗಲೂ ಹಿಡಿಸದಿದ್ದರೆ ಇನ್ನೊಂದನ್ನು ಅಡುಗೆಗೆ ಬಳಸಿ. ವರ್ಷಗಟ್ಟಲೆ ಇಟ್ಟರೆ ರುಚಿ ಬರುತ್ತದೆ ಅನ್ನುವ ಆಸೆ ಬೇಡ. ನಮ್ಮ ಬಹುಪಾಲು ವೈನು ಎರಡು ಮೂರು ವರ್ಷದೊಳಗೆ ಕುಡಿಯುವುದಕ್ಕೇ ಮಾಡಿದ್ದು. ಮಟನ್ ಸಾರಿಗೆ ಶೆನಿನ್ ಬ್ಲಾಂಕ್ ಅನ್ನುವ ಸ್ವಲ್ಪ ಸಿಹಿಯಾದ ವೈಟ್ ವೈನ್ ಚೆನ್ನಾಗಿ ತಣ್ಣಗೆ ಮಾಡಿ ಕೊಡಿ. ಭಾವನವರು ಲೋಟ ಕೆಳಗಿಡುವುದಿಲ್ಲ.

ಪ್ರಶ್ನೆ: ಮಡಿಕೇರಿಯಿಂದ ಮನೆಯಲ್ಲೇ ಮಾಡಿದ್ದು ಅಂತ ಹೇಳಿ ಕೊಟ್ಟ ಶುಂಠಿ ವೈನ್ ತಂದಿದ್ದೆವು. ಮೂರು ವಾರ ಬಿಟ್ಟು ಮುಚ್ಚಳ ತಿರುಗಿಸಿದರೆ ಬುಸ್ ಅಂತ ಉಕ್ಕಿ ಟೇಬಲ್ಲೆಲ್ಲ ಒದ್ದೆ. ಕುಡಿಯಬಹುದಾ?
– ಓದುಗರು, ಹಾಸನ

ಉತ್ತರ: ಸಕ್ಕರೆ ಪೂರ್ತಿ ಮುಗಿಯುವ ಮೊದಲೇ ತುಂಬಿಬಿಟ್ಟಿದ್ದಾರೆ. ಒಳಗೆ ಯೀಸ್ಟ್ ಇನ್ನೂ ಜೀವಂತ. ಬಾಟಲಿಯಲ್ಲೇ ಮತ್ತೆ ಹುದುಗಿ ಗ್ಯಾಸ್ ಕಟ್ಟಿದೆ. ಉಕ್ಕಿದ್ದೇ ವಿಷ ಅಂತೇನಲ್ಲ, ಆದರೆ ಗಾಜು ಸಿಡಿದು ಕೈಗೆ ಚುಚ್ಚಬಹುದು. ಇನ್ನೊಂದು ಬಾಟಲಿ ಇದ್ದರೆ ಇವತ್ತೇ ಫ್ರಿಜ್ಜಿಗಿಡಿ, ಚೆನ್ನಾಗಿ ತಣ್ಣಗಾದ ಮೇಲೆ ಬಟ್ಟೆ ಸುತ್ತಿ ಸಿಂಕಿನಲ್ಲಿ ನಿಧಾನ ತೆರೆಯಿರಿ. ವಿನೆಗರ್ ವಾಸನೆ ಬಂದರೆ ಚೆಲ್ಲಿ. ಲೇಬಲ್ ಇಲ್ಲದ ಬಾಟಲಿಯಲ್ಲಿ ಏನಿದೆ ಅಂತ ನಾನು ಇಲ್ಲಿ ಕೂತು ಭರವಸೆ ಕೊಡಲಾರೆ. ಲೈಸೆನ್ಸ್ ಇಲ್ಲದೆ ಮಾರುವುದಂತೂ ಕಾನೂನಿಗೆ ವಿರುದ್ಧ. ಕೊಡಗಿನ ಮನೆಗಳಲ್ಲಿ ನಂಟರಿಗೆ ಅಂತ ಮಾಡುವ ವೈನ್ ಬೇರೆ, ರಸ್ತೆ ಬದಿಯ ಅಂಗಡಿಯಲ್ಲಿ ವೀಳ್ಯದೆಲೆಯಿಂದ ಗಾಂಧಾರಿ ಮೆಣಸಿನವರೆಗೆ ಸಾಲಾಗಿ ಜೋಡಿಸಿಟ್ಟ ಬಣ್ಣಬಣ್ಣದ ಬಾಟಲಿಗಳೇ ಬೇರೆ. ಅವುಗಳಲ್ಲಿ ಎಷ್ಟೋ ಸಲ ಒಂದೇ ಸಕ್ಕರೆ ಪಾಕದ ರುಚಿ ಸಿಗುತ್ತದೆ.