ಮೈಲುತುತ್ತದ ಚೀಲದ ಮೇಲಿನ ಸೂತ್ರ

ಪ್ರಶ್ನೆ: ತಿಕೋಟಾ ಭಾಗದಲ್ಲಿ ನಮ್ಮ ದ್ರಾಕ್ಷಿ ತೋಟವಿದೆ. ರೋಗ ಬಾರದಂತೆ ಬಳ್ಳಿಗೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆಂದು ತಂದ ಮೈಲುತುತ್ತದ (ತಾಮ್ರದ ಸಲ್ಫೇಟ್) ಚೀಲದ ಮೇಲೆ ‘ಸಿಯುಎಸ್‌ಒ₄·5ಎಚ್₂ಒ’ ಎಂದು ಬರೆದಿದೆ. ಇದರಲ್ಲಿ 17 ಪರಮಾಣುಗಳಿವೆ ಎಂದು ಹತ್ತನೆಯ ತರಗತಿಯ ನನ್ನ ಮಗಳು ಹೇಳಿದರೆ, 21 ಎಂದು ಅವಳ ಶಿಕ್ಷಕರು ಹೇಳಿದ್ದಾರಂತೆ. ಯಾವುದು ಸರಿ? ನಡುವಿನ ಚುಕ್ಕೆ ಗುಣಾಕಾರದ ಗುರುತೇ?
– ಓದುಗರೊಬ್ಬರು, ವಿಜಯಪುರ ಜಿಲ್ಲೆ

ಉತ್ತರ: ಶಿಕ್ಷಕರು ಹೇಳಿದ 21 ಸರಿ. ನಿಮ್ಮ ಮಗಳು 5ರಿಂದ ಹೈಡ್ರೋಜನ್ನನ್ನಷ್ಟೇ ಗುಣಿಸಿ, ಅದರ ಪಕ್ಕದ ಆಕ್ಸಿಜನ್ನನ್ನು ಒಂದೆಂದೇ ಎಣಿಸಿರಬೇಕು; 17 ಬರುವುದು ಹಾಗೆ.

ಅಕ್ಷರದ ಕೆಳಗೆ ಸಣ್ಣದಾಗಿ ಬರೆದ ಅಂಕಿ ತನ್ನ ಹಿಂದಿನ ಧಾತುವಿಗೆ ಮಾತ್ರ ಸೇರಿದ್ದು, ಮುಂದೆ ದೊಡ್ಡದಾಗಿ ಬರೆದ ಅಂಕಿಯಾದರೋ ತನ್ನ ನಂತರದ ಇಡೀ ಸೂತ್ರಕ್ಕೆ ಅನ್ವಯಿಸುತ್ತದೆ. ಆದ್ದರಿಂದ ಇಲ್ಲಿರುವುದು ನೀರಿನ 5 ಅಣುಗಳು, ಅಂದರೆ 10 ಹೈಡ್ರೋಜನ್ ಮತ್ತು 5 ಆಕ್ಸಿಜನ್. ಇವಕ್ಕೆ ಚುಕ್ಕೆಯ ಎಡಗಡೆಯ ಒಂದು ತಾಮ್ರ, ಒಂದು ಗಂಧಕ ಹಾಗೂ 4 ಆಕ್ಸಿಜನ್ ಕೂಡಿದರೆ ಒಟ್ಟು 21. ಚುಕ್ಕೆಯನ್ನು ಗುಣಾಕಾರವೆಂದು ಓದಬಾರದು. ಸ್ಫಟಿಕದೊಳಗೆ ನೀರು ಗೊತ್ತಾದ ಪ್ರಮಾಣದಲ್ಲಿ ಕೂಡಿಕೊಂಡಿದೆ ಎಂಬುದನ್ನು ಅದು ತಿಳಿಸುತ್ತದೆ.

ಈ ನೀರು ಕೈಗೆ ತೇವವಾಗಿ ತಾಗದಿದ್ದರೂ ಅದರ ಪಾಲು ಸಣ್ಣದಲ್ಲ. ಶಾಲೆಯ ಪ್ರಯೋಗಾಲಯದಲ್ಲಿ, ಶಿಕ್ಷಕರ ಎದುರಿನಲ್ಲಿ, ನಾಲ್ಕು ಹರಳುಗಳನ್ನು ಪ್ರನಾಳದಲ್ಲಿ ಹಾಕಿ ಕಾಯಿಸಿದರೆ ನೀಲಿ ಬಣ್ಣ ಹೋಗಿ ಬಿಳಿ ಪುಡಿ ಉಳಿಯುತ್ತದೆ. ಪ್ರನಾಳದ ಬಾಯಿಯ ಹತ್ತಿರ ನೀರಿನ ಹನಿಗಳು ಕಟ್ಟುತ್ತವೆ. ತಣ್ಣಗಾದ ಪುಡಿಗೆ ಎರಡು ಹನಿ ನೀರು ಬಿಟ್ಟರೆ ನೀಲಿ ಮರಳಿ ಬರುತ್ತದೆ. ಮೈಲುತುತ್ತ ವಿಷಕಾರಿಯಾದ್ದರಿಂದ ಮನೆಯ ಒಲೆಯ ಮೇಲೆ ಇದನ್ನು ಖಂಡಿತ ಮಾಡಬೇಡಿ. ಸೂತ್ರದಲ್ಲಿನ ಪರಮಾಣುಗಳ ರಾಶಿಗಳನ್ನು (ತೂಕಗಳನ್ನು) ಕೂಡಿದರೆ ಒಟ್ಟು 249.5, ಅದರಲ್ಲಿ ನೀರು 90, ತಾಮ್ರ 63.5. ಹಾಗಾಗಿ ನೀವು ತೂಗುವ ಒಂದು ಕಿಲೋ ಶುದ್ಧ ಮೈಲುತುತ್ತದಲ್ಲಿ ಸುಮಾರು 360 ಗ್ರಾಂ ನೀರೇ ಇದ್ದು, ತಾಮ್ರ ಸುಮಾರು 254 ಗ್ರಾಂ ಮಾತ್ರ. ಶೇಕಡಾ ಒಂದರ ಬೋರ್ಡೋ ದ್ರಾವಣಕ್ಕೆ ನೂರು ಲೀಟರ್ ನೀರಿಗೆ ಒಂದು ಕಿಲೋ ಎಂದು ಹೇಳುವಾಗ ಲೆಕ್ಕ ಹಿಡಿದಿರುವುದು ಈ ನೀಲಿ ಹರಳನ್ನೇ.

ಅಕ್ಷರಗಳ ಗಾತ್ರವನ್ನೂ ಗಮನಿಸಬೇಕು. ದೊಡ್ಡ ‘ಸಿ’ಯ ಪಕ್ಕದಲ್ಲಿ ಸಣ್ಣ ‘ಒ’ ಇದ್ದರೆ ಅದು ಕೋಬಾಲ್ಟ್ ಎಂಬ ಒಂದೇ ಲೋಹ. ಎರಡೂ ದೊಡ್ಡ ಅಕ್ಷರಗಳಾದರೆ ಅದು ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ. ಧಾತುಗಳನ್ನು ಅಕ್ಷರಗಳಿಂದ ಸೂಚಿಸುವ ಈ ಪದ್ಧತಿಯನ್ನು ಸ್ವೀಡನ್ನಿನ ಬರ್ಜೀಲಿಯಸ್ 1813–14ರಲ್ಲಿ ರೂಪಿಸಿದರು. ಅವರು ಅಂಕಿಗಳನ್ನು ಅಕ್ಷರದ ಮೇಲ್ಭಾಗದಲ್ಲಿ ಬರೆಯುತ್ತಿದ್ದರು. ಕೆಳಗೆ ಬರೆಯುವ ರೂಢಿ ಆಮೇಲಿನದು.

ದ್ರಾವಣಕ್ಕೆ ಬೆರೆಸುವ ಅರಳಿದ ಸುಣ್ಣದ ಸೂತ್ರ ‘ಸಿಎ(ಒಎಚ್)₂’. ಆವರಣದ ಹೊರಗಿನ 2 ಒಳಗಿನ ಎರಡೂ ಧಾತುಗಳಿಗೆ ಸಲ್ಲುವುದರಿಂದ ಕ್ಯಾಲ್ಸಿಯಂ 1, ಆಕ್ಸಿಜನ್ 2, ಹೈಡ್ರೋಜನ್ 2, ಒಟ್ಟು 5. ಸುಟ್ಟ ಸುಣ್ಣದ (ಸಿಎಒ) 2 ಪರಮಾಣುಗಳಿಗೆ ನೀರಿನ 3 ಸೇರಿ ಆದದ್ದೇ ಈ 5. ಇನ್ನು ಮಗಳಿಗೆ ಅಮೋನಿಯಂ ಸಲ್ಫೇಟ್ ಗೊಬ್ಬರದ ಸೂತ್ರವಾದ ‘(ಎನ್‌ಎಚ್₄)₂ಎಸ್‌ಒ₄’ ಕೊಟ್ಟು ನೋಡಿ. ಉತ್ತರ 15 ಬರಬೇಕು. 14 ಬಂದರೆ ಆವರಣದ ಹೊರಗಿನ 2ನ್ನು ಅವಳು ಸಾರಜನಕಕ್ಕೆ ಅನ್ವಯಿಸಿಲ್ಲ.